ಕಾಶ್ಮೀರದ ದಾರಿಯಲ್ಲಿ ಮಿಜಾರು

ಸೈಕಲ್ಲಿನಲ್ಲಿ ಕಾಶ್ಮೀರಕ್ಕೆ ಹೋಗಬೇಕು ಎಂದು ರಮೀಝನಿಗೆ ಅನ್ನಿಸಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ಅವನ ತಂದೆ ಮೂಸಬ್ಬನವರ ಚಪ್ಪಲಿ ಅಂಗಡಿ. ನೇತ್ರಾವತಿ ಉಕ್ಕಿದ ವರ್ಷ ಕೆಳಗಿನ ಸಾಲಿನ ಚಪ್ಪಲಿಗಳು ಅಟ್ಟಕ್ಕೆ ಹೋಗುತ್ತವೆ, ನೀರಿಳಿದ ಮೇಲೆ ಕೆಳಗೆ ಬರುತ್ತವೆ. ಅದೊಂದು ಬಿಟ್ಟರೆ ಆ ಅಂಗಡಿಯಲ್ಲಿ ಏನೂ ಅಲ್ಲಾಡುವುದಿಲ್ಲ. ಮದುವೆಗೆ ಮೊದಲು ರಮೀಝ್ ಕೆಲವು ವರ್ಷ ಸೌದಿಯ ದಮ್ಮಾಮಿನಲ್ಲಿದ್ದ. ಊರಿನವರ ಲೆಕ್ಕದಲ್ಲಿ ಅವನು ಪರದೇಶ ನೋಡಿ ಬಂದವನು. ಅವನು ಅಲ್ಲಿ ನೋಡಿದ್ದು ಒಂದು ಗೋದಾಮು, ಒಂದು ರೂಮು ಮತ್ತು ಇವೆರಡರ ನಡುವೆ ಓಡಾಡುವ ಒಂದು ವ್ಯಾನಿನ ಒಳಭಾಗ.

ಈ ಆಸೆಯನ್ನು ಅವನು ಮೊದಲು ಹೇಳಿದ್ದು ನಿತೇಶನಿಗೆ. ನಿತೇಶ್ ಅಳದಂಗಡಿ ಕಡೆಯ ರಬ್ಬರು, ಅಡಿಕೆಯ ಮನೆಯವನು. ಬಿ.ಸಿ. ರೋಡಿನಲ್ಲಿ ರೂಮು ಹಿಡಿದು ಅಂಗಡಿ, ಮನೆಗಳಿಗೆ ಸಿಸಿ ಕ್ಯಾಮರಾ ಜೋಡಿಸುವ ಕೆಲಸ ಮಾಡುತ್ತಿದ್ದ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ದಿನದಿಂದ ಅವರಿಬ್ಬರ ಗೆಳೆತನ. ಭಾನುವಾರ ಬೆಳಿಗ್ಗೆ ಇಬ್ಬರೂ ಸೈಕಲ್ ತುಳಿದುಕೊಂಡು ಸರಪಾಡಿಗೋ ಪೊಳಲಿಗೋ ಹೋಗಿ, ಯಾವುದಾದರೂ ಹೋಟೆಲಿನಲ್ಲಿ ಗೋಳಿಬಜೆ ತಿಂದು, ಸೈಕಲ್ಲಿನಿಂದ ಕರಗಿದ ಬೊಜ್ಜನ್ನು ಅಲ್ಲೇ ವಾಪಸು ತುಂಬಿಕೊಂಡು ಬರುತ್ತಿದ್ದರು.

"ಕಾಶ್ಮೀರಕ್ಕೆ ಹೋಗುವ ಮಾರಾಯ, ಇದರಲ್ಲೇ," ಎಂದ ರಮೀಝ್, ಸೈಕಲ್ಲಿನ ಸೀಟು ತಟ್ಟಿ.

ನಿತೇಶ್ ಯಾಕೆ ಎಂದು ಕೇಳಲಿಲ್ಲ. ಬಾಯಲ್ಲಿದ್ದ ಗೋಳಿಬಜೆ ನುಂಗಿ, "ಮಳೆ ಬಿಡ್ಲಿ," ಎಂದ.

ಅಷ್ಟೇ. ಮಾತು ಅಲ್ಲಿಗೇ ನಿಂತಿದ್ದರೆ ಇಬ್ಬರೂ ಮಳೆ ಬಿಟ್ಟ ಮೇಲೆ ಸುಮ್ಮನೆ ಹೊರಟುಬಿಡುತ್ತಿದ್ದರು. ಆದರೆ ಬಂಟ್ವಾಳದಲ್ಲಿ ಯಾರೂ ಸುಮ್ಮನೆ ಎಲ್ಲಿಗೂ ಹೋಗುವ ಹಾಗಿಲ್ಲ. ಸೈಕಲ್ಲಿಗೆ ಹೊಸ ಕ್ಯಾರಿಯರ್ ಹಾಕಿಸಿದ್ದನ್ನು ನೋಡಿ ಒಬ್ಬ ಕೇಳಿದ, ಅವನಿಂದ ಇನ್ನೊಬ್ಬನಿಗೆ ಹೋಯಿತು. ಕೊನೆಗೆ ಸುದ್ದಿ ನೋಣಯ್ಯ ಮಾಸ್ಟ್ರ ಕಿವಿಗೆ ಬಿತ್ತು. ನೋಣಯ್ಯ ಮಾಸ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು, ಊರಿನ ಫ್ರೆಂಡ್ಸ್ ಸರ್ಕಲಿನ ಅಧ್ಯಕ್ಷರು. ಮೈಕು ಸಿಕ್ಕಿದರೆ ವಾಪಸು ಕೊಡುವವರಲ್ಲ. ಅವರು ಸೀದಾ ಅಂಗಡಿಗೆ ಬಂದರು. ಆಗ ನಿತೇಶನೂ ಅಲ್ಲೇ ಇದ್ದ.

"ಕಾಶ್ಮೀರಕ್ಕೆ ಹೋಗುವುದು ಯಾತಕ್ಕೆ?"

"ಸುಮ್ಮನೆ ಮಾಸ್ಟ್ರೇ," ಎಂದ ರಮೀಝ್.

"ಸುಮ್ಮನೆ ಯಾರಾದರೂ ಕಾಶ್ಮೀರಕ್ಕೆ ಹೋಗ್ತಾರಾ? ಒಂದು ಸಂದೇಶ ಬೇಕು. ಪ್ಲಾಸ್ಟಿಕ್ ಬೇಡ ಅಂತ ಮಾಡುವ ಅಂದರೆ ಅದು ಹೋದ ವರ್ಷ ಪುತ್ತೂರಿನವರು ಮಾಡಿಯಾಯ್ತು. ರಕ್ತದಾನ ಎಲ್ಲರೂ ಮಾಡ್ತಾರೆ. ನೇತ್ರದಾನ…" ಎನ್ನುತ್ತಾ ಮಾಸ್ಟ್ರು ಇಬ್ಬರ ಮುಖ ನೋಡಿದರು. ಹೈಸ್ಕೂಲಿನಲ್ಲಿ ರಮೀಝನಿಗೆ ಅವರೇ ಪಾಠ ಮಾಡಿದ್ದರೂ, ನಿತೇಶನನ್ನು ದಿನಾ ಪೇಟೆಯಲ್ಲಿ ಕಾಣುತ್ತಿದ್ದರೂ ಈಗ ಮೊದಲ ಸಲ ನೋಡಿದವರ ಹಾಗೆ ಅವರ ಕಣ್ಣು ಅರಳಿತು. "ಅರೆ! ನೀನು ರಮೀಝ್. ಇವ ನಿತೇಶ್. ಇನ್ನೆಂಥ ಸಂದೇಶ ಹುಡುಕುವುದು? ಸಂದೇಶ ನೀವೇ!"

ಹೀಗೆ ಹದಿನೇಳು ವರ್ಷದಿಂದ ಬರೀ ಸ್ನೇಹಿತರಾಗಿದ್ದವರು ಆ ಮಧ್ಯಾಹ್ನ ಸೌಹಾರ್ದದ ಸಂಕೇತಗಳಾದರು.

*

ಬೀಳ್ಕೊಡುಗೆ ಜೋರಾಗಿಯೇ ನಡೆಯಿತು. ಪೆಂಡಾಲು, ಬ್ಯಾಂಡು, ಎರಡೂ ಸೈಕಲ್ಲಿನ ಮುಂದೆ ಬ್ಯಾನರು. ಬ್ಯಾನರಿನಲ್ಲಿ ಇಬ್ಬರೂ ಕೈ ಹಿಡಿದುಕೊಂಡು ನಗುವ ಫೋಟೋ, ಅದರ ಕೆಳಗೆ ಅವರ ಮುಖಕ್ಕಿಂತ ದೊಡ್ಡದಾಗಿ ನೋಣಯ್ಯ ಮಾಸ್ಟ್ರ ಮುಖ. ಗಾಳಿ ಬಂದಾಗ ಬ್ಯಾನರು ಹಾಯಿಯ ಹಾಗೆ ಉಬ್ಬಿ ಸೈಕಲ್ಲನ್ನು ಹಿಂದಕ್ಕೆ ತಳ್ಳುತ್ತಿತ್ತು. ರಮೀಝನ ಹೆಂಡತಿ ಜುವೈರಿಯಾ ಮಹಿಳೆಯರ ಸಾಲಿನಲ್ಲಿ ಕೂತಿದ್ದಳು. ಗಂಡ ಹೋಗುವುದು ಅವಳಿಗೆ ಮೊದಲು ಒಪ್ಪಿಗೆಯಿರಲಿಲ್ಲ. ಆದರೆ ಮಾಸ್ಟ್ರು ಅವಳನ್ನೂ ವೇದಿಕೆಗೆ ಕರೆದು, "ಈ ತ್ಯಾಗಮಯಿ ಸಹೋದರಿ" ಎಂದು ಶಾಲು ಹೊದಿಸಿದ ಮೇಲೆ ಒಪ್ಪಿಗೆಯ ಪ್ರಶ್ನೆಯೇ ಉಳಿಯಲಿಲ್ಲ.

ಕಾಶ್ಮೀರ ಇರುವುದು ಉತ್ತರದಲ್ಲಿ. ಸೈಕಲ್ಲು ಹೋಗಬೇಕಾದದ್ದು ಮಾತ್ರ ಸನ್ಮಾನಗಳಿರುವ ದಿಕ್ಕಿಗೆ. ಸಿದ್ಧಕಟ್ಟೆಯಲ್ಲಿ ಯುವಕರ ಒಂದು ಸಂಘ ಎಳನೀರು ಇಟ್ಟುಕೊಂಡು ಕಾಯುತ್ತಿತ್ತು. ಮೂಡುಬಿದಿರೆಯಲ್ಲಿ ಸಂಜೆ ಸಭೆ. ಮರುದಿನ ವೇಣೂರು ದಾಟಿ ಅಳದಂಗಡಿಯಲ್ಲಿ ನಿತೇಶನ ಅಪ್ಪ ಹುಕ್ರಪ್ಪ ಮತ್ತು ಅಮ್ಮ ಕಾವೇರಮ್ಮ ಊರವರನ್ನೆಲ್ಲ ಕರೆದು ಊಟ ಹಾಕಿಸುವವರಿದ್ದರು. ಅಲ್ಲಿಂದ ಕೆಳಗಿಳಿದರೆ ಬೆಳ್ತಂಗಡಿಯಲ್ಲಿ ಮಾಸ್ಟ್ರ ಭಾವನೆಂಟರ ಕ್ಲಬ್ಬಿನ ಸನ್ಮಾನ. ಬೆಳ್ತಂಗಡಿಯಿಂದ ನೇರ ದಾರಿ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮತ್ತೆ ಬಂಟ್ವಾಳಕ್ಕೇ ಮುಟ್ಟಬಹುದಿತ್ತು.

ಮೂಡುಬಿದಿರೆಯ ಸಭೆಯಲ್ಲಿ ರಮೀಝನಿಗೆ ಮೊದಲ ಸಲ ಇರುಸುಮುರುಸಾಯಿತು. ಸಂಘಟಕರೊಬ್ಬರು ಮೈಕು ಅವನ ಕೈಗೆ ಕೊಟ್ಟು, "ದೇಶಪ್ರೇಮದ ಬಗ್ಗೆ ಎರಡು ಮಾತು" ಎಂದರು. ಸಿದ್ಧಕಟ್ಟೆಯಲ್ಲಿಯೂ ಇದನ್ನೇ ಕೇಳಿದ್ದರು. ನಿತೇಶನ ಹತ್ತಿರ ಯಾರೂ ದೇಶಪ್ರೇಮದ ಬಗ್ಗೆ ಕೇಳಿರಲಿಲ್ಲ. ಅವನನ್ನು ಕೇಳಿದ್ದು ಸೈಕಲ್ಲಿಗೆ ಎಷ್ಟು ಗೇರು ಎಂದು. ರಮೀಝ್ ದೇಶಪ್ರೇಮದ ಬಗ್ಗೆ ತಡವರಿಸಿ, ಮಾತು ಬೇರೆಲ್ಲಿಗಾದರೂ ತಿರುಗಲಿ ಎಂದು ಗೆಳೆಯನನ್ನು ಹೊಗಳಲು ಹೊರಟ.

"ನಮ್ಮ ನಿತೇಶ್ ಛಲಗಾರ. ಪೊಲೀಸ್ ಸೆಲೆಕ್ಷನ್ನಿನ ಓಟದಲ್ಲಿ ಮೂರು ಸಲ ಫೇಲಾದವ, ಈಗ ಕಾಶ್ಮೀರಕ್ಕೆ ಹೊರಟಿದ್ದಾನೆ ನೋಡಿ!"

ಸಭೆ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ನಿತೇಶನೂ ನಕ್ಕ. ಆದರೆ ಆಮೇಲೆ ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಪಕ್ಕದ ರಮೀಝನನ್ನು ಬಿಟ್ಟು ಎದುರಿನವನ ಹತ್ತಿರ ಕೇಳಿದ.

ಮರುದಿನ ಅಳದಂಗಡಿಯಲ್ಲಿ ಕಾವೇರಮ್ಮ ಇಬ್ಬರಿಗೂ ಒಂದೇ ಹಾಗೆ ಬಡಿಸಿದರು, ಬೇಡವೆಂದರೂ ಒಂದೇ ಹಾಗೆ ಸುರಿದರು. ವರ್ಷಕ್ಕೆರಡು ಸಲವಾದರೂ ರಮೀಝ್ ಆ ಮನೆಯಲ್ಲಿ ಉಂಡವನು. ಆದರೆ ಈ ಸಲ ಅವನು ಉಣ್ಣುವುದನ್ನು ನೋಡಲು ಜನ ನಿಂತಿದ್ದರು. ಯಾರೋ ಒಬ್ಬರು ಅವನು ಅನ್ನ ಕಲಸುವುದನ್ನು ವಿಡಿಯೋ ಮಾಡಿದರು. ಅಂಗಳದಲ್ಲಿ ಒಬ್ಬ ಹಿರಿಯರು ನಿತೇಶನ ಬೆನ್ನು ತಟ್ಟಿ, "ನಿನ್ನದು ದೊಡ್ಡ ಮನಸ್ಸು" ಎಂದದ್ದು ರಮೀಝನ ಕಿವಿಗೆ ಬಿತ್ತು. ಯಾವ ವಿಷಯಕ್ಕೆ ದೊಡ್ಡ ಮನಸ್ಸು ಎಂದು ಯೋಚಿಸುತ್ತಾ ಅವನು ಬಾಳೆಲೆಯ ಮೇಲೆ ಕೈಯನ್ನು ಹಾಗೇ ನಿಲ್ಲಿಸಿದ.

ಮೂರನೇ ದಿನ ಬೆಳ್ತಂಗಡಿಯಲ್ಲಿ ಈ ಅಸಮಾಧಾನ ಒಡೆಯಿತು. ಅಲ್ಲಿನ ವೇದಿಕೆಯಲ್ಲಿ ಇಬ್ಬರನ್ನೂ ಕೈ ಹಿಡಿದು ಮೇಲೆತ್ತಿ ನಿಲ್ಲಲು ಹೇಳಿದರು. ಫೋಟೋದವನಿಗೆ ಸರಿಯಾಗದೆ ಮತ್ತೆ ಮತ್ತೆ ಎತ್ತಿಸಿದ. ಕೈ ನೋಯತೊಡಗಿದ ಮೇಲೆ ಮೈಕು ನಿತೇಶನಿಗೆ ಬಂತು. ನಿತೇಶ್ ಭಾಷಣದವನಲ್ಲ. ಎಲ್ಲರೂ ಏನು ಕೇಳಬಯಸುತ್ತಾರೋ ಅದನ್ನೇ ಹೇಳಿ ಮುಗಿಸುವ ಎಂದು ಶುರುಮಾಡಿದ.

"ನಾನು ರಮೀಝನನ್ನು ನನ್ನ ಸ್ವಂತ ತಮ್ಮನ ಹಾಗೆ ನೋಡಿಕೊಂಡು ಕಾಶ್ಮೀರಕ್ಕೆ ಕರ್ಕೊಂಡು ಹೋಗ್ತೇನೆ!"

ಚಪ್ಪಾಳೆ ಬಿತ್ತು. ರಮೀಝ್ ನಿತೇಶನಿಗಿಂತ ಒಂದು ವರ್ಷ ದೊಡ್ಡವನು.

ಸಭೆ ಮುಗಿದು ಸೈಕಲ್ಲುಗಳ ಹತ್ತಿರ ಬಂದಾಗ ಅವನು ಹಾರವನ್ನು ಕಿತ್ತು ಹ್ಯಾಂಡಲ್ಲಿಗೆ ಹಾಕಿದ. "ನೀನು ನನ್ನನ್ನು ಕರ್ಕೊಂಡು ಹೋಗುವುದಾ? ಹೋಗುವ ಅಂತ ಹೇಳಿದವ ನಾನು. ನಿನಗೆ ಒಂದು ಪಂಕ್ಚರ್ ಹಾಕ್ಲಿಕ್ಕೆ ಬರ್ತದಾ?"

"ಸ್ಟೇಜಲ್ಲಿ ಏನಾದ್ರೂ ಹೇಳ್ಬೇಕಲ್ಲ ಮಾರಾಯ."

"ಅದಕ್ಕೆ ತಮ್ಮನಾ? ನಾನೇನು ನಿನ್ನ ಸಾಮಾನಾ, ಕ್ಯಾರಿಯರಿನಲ್ಲಿ ಕಟ್ಟಿಕೊಂಡು ಹೋಗ್ಲಿಕ್ಕೆ?"

"ನೀನು ಮೊನ್ನೆ ಮಾಡಿದ್ದೇನು? ಪೊಲೀಸ್ ಫೇಲು ಅಂತ ಮೂಡುಬಿದಿರೆಗೆಲ್ಲ ಹೇಳಿದಿಯಲ್ಲ. ನನ್ನ ಅಕ್ಕ ಇರುವುದು ಅದೇ ಊರಲ್ಲಿ. ಭಾವನ ಮನೆಯವರಿಗೆ ಅದು ಗೊತ್ತಿರಲಿಲ್ಲ!"

"ಅದು ಹೊಗಳಿದ್ದು!"

"ನಾನೂ ಹೊಗಳಿದ್ದೇ!"

ಅಷ್ಟರಲ್ಲಿ ಯಾರೋ ಸೆಲ್ಫಿಗೆ ಬಂದರು. ಇಬ್ಬರೂ ಹೆಗಲ ಮೇಲೆ ಕೈ ಹಾಕಿ ಹಲ್ಲು ಬಿಟ್ಟರು. ಸೆಲ್ಫಿಯವನು ಹೋದ ಕೂಡಲೇ ಕೈ ತೆಗೆದರು. ನಿತೇಶ್, "ನಾನು ಚಾರ್ಮಾಡಿ ಹತ್ತಿ ಹೋಗ್ತೇನೆ. ನೀನು ಬರುವುದಾದರೆ ಬಾ," ಎಂದ. ರಮೀಝ್, "ನನಗೆ ಕಡಲ ಬದಿ ದಾರಿ ಉಂಟು," ಎಂದ. ಸೌಹಾರ್ದ ಯಾತ್ರೆ ಬೆಳ್ತಂಗಡಿ ಪೇಟೆಯ ನಡುವಿನಲ್ಲಿ ಎರಡು ದಿಕ್ಕಿಗೆ ಹರಿದುಹೋಯಿತು. ನೋಡಿದವರು ಒಬ್ಬ ನೀರು ತರಲು ಹೋದ ಎಂದುಕೊಂಡರು.

*

ಗುರುವಾಯನಕೆರೆ ದಾಟುವವರೆಗೂ ರಮೀಝನಿಂದ ಸೈಕಲ್ ತುಳಿಸಿದ್ದು ಸಿಟ್ಟು. ವೇಣೂರಿನ ಹತ್ತಿರ ಸಿಟ್ಟು ಇಳಿದು ಕಾಲು ನೋಯತೊಡಗಿತು. ಒಬ್ಬನೇ ಕಾಶ್ಮೀರಕ್ಕೆ ಹೋಗುವ ಆಸೆ ತನಗೆ ಯಾವತ್ತೂ ಇರಲಿಲ್ಲ ಎಂಬುದು ಅವನಿಗೆ ಅಲ್ಲಿ ಅರ್ಥವಾಯಿತು. ಒಬ್ಬನೇ ಹೋಗುವುದಾದರೆ ದಮ್ಮಾಮೇ ಸಾಕಿತ್ತು. ರಸ್ತೆ ಬದಿಯಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದ.

"ನಾನು ಮನೆಗೆ ಬರ್ತೇನೆ ಜುವೈರಿಯಾ."

"ಹೇಗೆ ಬರ್ತೀರಿ? ಬೀದಿಯಲ್ಲೆಲ್ಲ ನಿಮ್ಮ ಫ್ಲೆಕ್ಸ್ ಉಂಟು. ನಿನ್ನೆ ಮದ್ರಸದಲ್ಲಿ ನನ್ನ ಕೈಯಲ್ಲಿ ಬಹುಮಾನ ಕೊಡಿಸಿದ್ರು, ಕಾಶ್ಮೀರಕ್ಕೆ ಹೋದವರ ಹೆಂಡತಿ ಅಂತ. ಅಷ್ಟರಲ್ಲಿ ನೀವು ಬಂದು ಅಂಗಡಿಯಲ್ಲಿ ಕೂತರೆ ನಾನು ಮುಖ ಎಲ್ಲಿಡುವುದು? ಅಂಗಡಿಯಲ್ಲಿರುವ ನಿಮ್ಮ ಉಪ್ಪನಿಗೆ ಏನು ಹೇಳುವುದು?"

"ಹಾಗಾದರೆ ಎಲ್ಲಿಗೆ ಹೋಗ್ಲಿ?"

"ನನಗೆ ಗೊತ್ತಿಲ್ಲ. ಕಾಶ್ಮೀರಕ್ಕೆ ಹೋಗಿ."

ಕಾಶ್ಮೀರಕ್ಕೆ ಹೋಗುವ ಬದಲು ರಮೀಝ್ ಮೂಡುಬಿದಿರೆಯ ಹತ್ತಿರದ ಮಿಜಾರಿಗೆ ಹೋದ. ಅಲ್ಲಿ ಅವನ ತಾಯಿಯ ಅಕ್ಕ ಬೀಬಿ ಮೂತಮ್ಮನ ಮನೆ. ಮಕ್ಕಳೆಲ್ಲ ಗಲ್ಫಿನಲ್ಲಿದ್ದರು. ಮೂತಮ್ಮ ಮೇಲಿನ ಮಹಡಿಯನ್ನು ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟು, ಅವರು ಹೊತ್ತಿಗೆ ಸರಿಯಾಗಿ ತಿನ್ನುವುದಿಲ್ಲವೆಂದು ದಿನವಿಡೀ ಬೈಯುತ್ತಾ ಆರಾಮವಾಗಿದ್ದವರು. ಮೈಯೆಲ್ಲ ಧೂಳಾಗಿ ಸೈಕಲ್ಲಿನಿಂದಿಳಿದ ರಮೀಝನನ್ನು ಕಂಡು ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಕಾಶ್ಮೀರಕ್ಕೆ ಹೋಗುವವ ಮೂತಮ್ಮನನ್ನು ನೋಡಿ ಹೋಗ್ತಾನೆ ಅಂತ ನನಗೆ ಗೊತ್ತಿತ್ತು ಮೋನೇ. ಕೈಕಾಲು ತೊಳೆ. ಪತ್ತಿರ್ ಹಾಕ್ತೇನೆ."

ರಮೀಝ್ ಕೈಕಾಲು ತೊಳೆದ. ಒಂದು ದಿನ ನಿಂತು ಯೋಚಿಸುವ ಎಂದುಕೊಂಡ. ಮೂತಮ್ಮನ ತೆಳ್ಳಗಿನ ಅಕ್ಕಿರೊಟ್ಟಿ ಪತ್ತಿರು, ಕೋಳಿ ಸಾರು, ಮಧ್ಯಾಹ್ನದ ನಿದ್ದೆ ಇವುಗಳ ನಡುವೆ ಯೋಚಿಸಲು ಹೊತ್ತು ಸಿಗಲಿಲ್ಲ. ಸೈಕಲ್ಲು ಕಟ್ಟಿಗೆ ಕೊಟ್ಟಿಗೆಯೊಳಗೆ ಹೋಯಿತು. ಬ್ಯಾನರನ್ನು ಮೂತಮ್ಮ ಬಿಚ್ಚಿ ಅಂಗಳದಲ್ಲಿ ಹಾಸಿ ಅದರ ಮೇಲೆ ಮೆಣಸು ಒಣಗಹಾಕಿದರು. ನೋಣಯ್ಯ ಮಾಸ್ಟ್ರು ಕೆಂಪು ಮೆಣಸಿನ ಎಡೆಯಿಂದ ಆಕಾಶ ನೋಡುತ್ತಾ ಮಲಗಿದರು.

ಇಷ್ಟರಲ್ಲಿ ಫ್ರೆಂಡ್ಸ್ ಸರ್ಕಲಿನ ವಾಟ್ಸಾಪ್ ಗುಂಪಿನಲ್ಲಿ ಮಾಸ್ಟ್ರು ಕೇಳತೊಡಗಿದರು: ನಮ್ಮ ವೀರರು ಎಲ್ಲಿ ಮುಟ್ಟಿದರು? ರಮೀಝ್ ಫೋನು ನೋಡುತ್ತಿದ್ದಾಗ ನಿತೇಶನಿಂದ ಒಂದು ಫೋಟೋ ಬಂತು. ಮಂಜು ತುಂಬಿದ ಘಾಟಿಯ ತಿರುವು. ಕೆಳಗೆ, "ಚಾರ್ಮಾಡಿ ಮುಗಿಸಿದೆವು." ಮುಗಿಸಿದೆ ಅಲ್ಲ, ಮುಗಿಸಿದೆವು. ಗುಂಪು ಚಪ್ಪಾಳೆ, ಹೂವು, ರಾಷ್ಟ್ರಧ್ವಜಗಳಿಂದ ತುಂಬಿಹೋಯಿತು.

ರಮೀಝ್ ಆ ಫೋಟೋವನ್ನು ಮತ್ತೆ ಮತ್ತೆ ತೆರೆದು ನೋಡಿದ. ನಿತೇಶ್ ಒಬ್ಬನೇ ಘಾಟಿ ಹತ್ತಿದ್ದಾನೆ. ಹತ್ತಿದ್ದೂ ಅಲ್ಲದೆ ತನ್ನ ಮಾನ ಉಳಿಸಿದ್ದಾನೆ. ತಾನು ಇಲ್ಲಿ ಮೂತಮ್ಮನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದೇನೆ. ಅಂಥವನಿಗೆ ಪಂಕ್ಚರ್ ಹಾಕಲು ಬರುವುದಿಲ್ಲ ಎಂದೆನಲ್ಲ! ಮಾಸ್ಟ್ರು "ಇಬ್ಬರೂ ಒಟ್ಟಿಗೆ ಇರುವ ಫೋಟೋ ಹಾಕಿ" ಎಂದಾಗ, ನಿತೇಶ್ ಸಿಕ್ಕಿಬೀಳಬಾರದೆಂದು ರಮೀಝ್ ಹಿಂದೆ ಯಾವಾಗಲೋ ಇಬ್ಬರೂ ಕುದುರೆಮುಖಕ್ಕೆ ಹೋಗಿದ್ದಾಗ ತೆಗೆದ ಜೋಡಿ ಫೋಟೋ ಹುಡುಕಿ ಹಾಕಿದ. ಅದನ್ನು ಮಾಸ್ಟ್ರು ಚಿಕ್ಕಮಗಳೂರು ಎಂದು ತೀರ್ಮಾನಿಸಿ ಎಲ್ಲ ಗುಂಪುಗಳಿಗೂ ಕಳಿಸಿದರು. ಆಮೇಲೆ ನಿತೇಶ್ ಒಂದು ಗದ್ದೆಯ ಫೋಟೋ ಹಾಕಿದ. ರಮೀಝ್ ಒಂದು ಸೇತುವೆಯದು ಹಾಕಿದ. ಒಬ್ಬರಿಗೊಬ್ಬರು ಒಂದು ಮಾತೂ ಆಡದೆ, ಒಬ್ಬರ ಮಾನ ಇನ್ನೊಬ್ಬರು ಕಾಯುತ್ತಾ, ಇಬ್ಬರೂ ಸೇರಿ ಹುಬ್ಬಳ್ಳಿ ದಾಟಿದರು.

*

ಒಂದು ಶುಕ್ರವಾರ ಮೂತಮ್ಮ, "ಮೋನೇ, ತಿಂದು ತಿಂದು ದಪ್ಪ ಆದಿ. ಸ್ವಲ್ಪ ಸೈಕಲ್ ತುಳಿ. ಮೂಡುಬಿದಿರೆಗೆ ಹೋಗಿ ಬಂಗುಡೆ ತಾ," ಎಂದರು. ರಮೀಝ್ ಕೊರೋನಾ ಕಾಲದ ಒಂದು ಮಾಸ್ಕು ಹುಡುಕಿ ಹಾಕಿ, ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹೋದ. ಮೀನು ಮಾರುಕಟ್ಟೆಯಲ್ಲಿ ಬುಟ್ಟಿಗೆ ಬಗ್ಗಿ ಬಂಗುಡೆಯ ಕಿವಿ ಬಿಡಿಸಿ ನೋಡುತ್ತಿದ್ದಾಗ ಪಕ್ಕದಲ್ಲಿ ಯಾರೋ ಚೌಕಾಸಿ ಮಾಡುವುದು ಕೇಳಿತು. ಮಾಸ್ಕಿನೊಳಗಿನಿಂದ ಬರುತ್ತಿದ್ದ ದನಿಯಾದರೂ, ಅದು ಅವನಿಗೆ ತನ್ನ ದನಿಯಷ್ಟೇ ಗೊತ್ತಿದ್ದ ದನಿ.

ಅವನು ತಲೆ ಎತ್ತಿದ. ಹೆಲ್ಮೆಟ್ಟು, ಮಾಸ್ಕು, ಅದರ ನಡುವೆ ನಿತೇಶನ ಎರಡು ಕಣ್ಣು.

"ಹುಬ್ಬಳ್ಳಿಯಲ್ಲಿ ಬಂಗುಡೆ ಸಿಗುವುದಿಲ್ಲವಾ?" ಎಂದ ರಮೀಝ್.

ನಿತೇಶನ ಕಣ್ಣು ದೊಡ್ಡದಾಯಿತು. "ನಿನಗೆ ಕಡಲ ಬದಿ ದಾರಿ ಉಂಟಲ್ಲ. ನೀನು ಇಲ್ಲಿ ಎಂಥ ಮಾಡ್ತಾ ಇದ್ದಿ?"

"ನೀನು ಘಾಟಿ ಹತ್ತಲಿಲ್ಲವಾ?"

"ಉಜಿರೆವರೆಗೆ ಹೋದೆ. ಅಲ್ಲಿ ಒಂದು ಚಾ ಕುಡಿದೆ. ಒಬ್ಬನಿಗೇ ಚಾ ಹೇಳಿದಾಗ ಒಂಥರಾ ಆಯ್ತು. ಕತ್ತಲಾಗುವ ಮೊದಲು ಇಲ್ಲಿ ವಿಸ್ಮಿತಕ್ಕನ ಮನೆಗೆ ಬಂದೆ. ಘಾಟಿಯ ಫೋಟೋ ಹೋದ ವರ್ಷದ್ದು."

ಮೀನು ಮಾರುವ ಹೆಂಗಸು, "ಬೇಕಾದರೆ ತೆಗೊಳ್ಳಿ, ಇಲ್ಲದಿದ್ದರೆ ಸ್ವಲ್ಪ ಆಚೆ ನಿಂತು ಮಾತಾಡಿ," ಎಂದಳು. ಅಷ್ಟಕ್ಕೇ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮಾಸ್ಕು ಜಾರಿ ಗಲ್ಲಕ್ಕೆ ಬಂತು. ಮೂತಮ್ಮನ ಮನೆಗೂ ವಿಸ್ಮಿತಳ ಮನೆಗೂ ನಡುವೆ ಹೆಚ್ಚೆಂದರೆ ಒಂದು ಬಸ್ಸಿನ ದಾರಿ. ಅಷ್ಟು ದೂರದಲ್ಲಿ ಕೂತು ಅವರು ಒಬ್ಬರಿಗಾಗಿ ಒಬ್ಬರು ಅರ್ಧ ಕರ್ನಾಟಕ ತುಳಿದಿದ್ದರು.

ಮೀನಿನ ಚೀಲಗಳನ್ನು ಕಾಲಿನ ಹತ್ತಿರ ಇಟ್ಟುಕೊಂಡು ಹೋಟೆಲಿನ ಮೂಲೆಯಲ್ಲಿ ಕೂತರು.

"ಎಲ್ಲರೂ ನನ್ನ ಹತ್ತಿರ ದೇಶಪ್ರೇಮ ಕೇಳ್ತಾರೆ," ಎಂದ ರಮೀಝ್ ನಗು ಮುಗಿದ ಮೇಲೆ. "ನಿನ್ನ ಹತ್ತಿರ ಗೇರು ಕೇಳ್ತಾರೆ. ನನಗೂ ಗೇರಿನ ಬಗ್ಗೆ ಹೇಳ್ಲಿಕ್ಕೆ ಗೊತ್ತುಂಟು."

ನಿತೇಶ್ ಚಾದ ಗ್ಲಾಸು ತಿರುಗಿಸುತ್ತಾ ಕೂತ. "ಅದು ನನಗೆ ಅಂದಾಜೇ ಆಗಲಿಲ್ಲ," ಎಂದ. "ನನ್ನ ಬೆನ್ನು ತಟ್ಟಿ ತಟ್ಟಿ ಹುಣ್ಣು ಮಾಡಿದ್ರು ಮಾರಾಯ. ನಾನೇನೋ ನಿನಗೆ ಉಪಕಾರ ಮಾಡುವ ಹಾಗೆ. ಕೇಳಿ ಕೇಳಿ ನನಗೂ ಹೌದೇನೋ ಅನ್ನಿಸಿತು. ಅದಕ್ಕೇ ಆ ತಮ್ಮನ ಮಾತು ಬಂದದ್ದು."

"ಪೊಲೀಸಿನದ್ದು ನಾನು ಹೇಳಬಾರದಿತ್ತು."

"ಮೂರು ಸಲ ಅಲ್ಲ, ಎರಡು ಸಲ. ಹೇಳುವುದಾದರೆ ಸರಿಯಾಗಿ ಹೇಳು."

ಎರಡನೇ ಚಾ ಬಂತು. ಮನೆಗೆ ಹೋಗುವ ಹಾಗಿರಲಿಲ್ಲ. ಹುಬ್ಬಳ್ಳಿ ದಾಟಿದವರು ಬಂಟ್ವಾಳದಲ್ಲಿ ಕಾಣಿಸಿಕೊಳ್ಳುವುದು ಹೇಗೆ? ಇಲ್ಲೇ ಕೂರುವಂತೆಯೂ ಇರಲಿಲ್ಲ. ವಿಸ್ಮಿತಳ ಅತ್ತೆ ದಿನಕ್ಕೊಂದು ಸಲ, "ನಿನ್ನ ತಮ್ಮ ಯಾವಾಗ ಹೊರಡುವುದು?" ಎಂದು ಕೇಳುತ್ತಿದ್ದರಂತೆ. ಹೀಗೆ ಬೇರೆ ಎಲ್ಲ ದಾರಿಯೂ ಮುಚ್ಚಿಹೋಗಿ, ಉಳಿದದ್ದು ಕಾಶ್ಮೀರ ಒಂದೇ.

"ನಾಳೆ ಬೆಳಿಗ್ಗೆ?" ಎಂದ ರಮೀಝ್.

"ಬ್ಯಾನರ್?"

"ಅದರಲ್ಲಿ ಮೆಣಸು ಉಂಟು."

ಮರುದಿನ ಬೆಳಗ್ಗೆ ಅವರು ಮೂಡುಬಿದಿರೆಯಿಂದ ಕಾರ್ಕಳದ ದಾರಿ ಹಿಡಿದರು. ಬ್ಯಾಂಡು ಇರಲಿಲ್ಲ. ಮೂತಮ್ಮ ಕಟ್ಟಿಕೊಟ್ಟ ಪತ್ತಿರಿನ ಗಂಟು ಕ್ಯಾರಿಯರಿನಲ್ಲಿತ್ತು. ಶಾಲೆಗೆ ಹೋಗುವ ಮಕ್ಕಳ ಆಟೋ ಒಂದು ಹಾರ್ನ್ ಹಾಕಿ ಮುಂದೆ ಹೋಯಿತು. ಮೊದಲ ಏರಿನಲ್ಲೇ ನಿತೇಶನ ಟಯರು ಪಂಕ್ಚರ್ ಆಯಿತು. ರಮೀಝ್ ಪಕ್ಕದ ಮೋರಿಯ ಮೇಲೆ ಕೂತು, ಅವನು ಹಾಕುವುದನ್ನು ಒಂದು ಮಾತೂ ಆಡದೆ ನೋಡಿದ. ತುಂಬ ಹೊತ್ತು ಹಿಡಿಯಿತು.

*

ಅವರು ಕಾಶ್ಮೀರ ಮುಟ್ಟಿದರು.

ಇದನ್ನು ಒಂದೇ ಮಾತಿನಲ್ಲಿ ಹೇಳಿಬಿಡುವುದು ಅನ್ಯಾಯವೇ. ಮಹಾರಾಷ್ಟ್ರದಲ್ಲಿ ಕಬ್ಬಿನ ಲಾರಿಗಳ ಧೂಳು ಕುಡಿದರು. ಗುಜರಾತಿನಲ್ಲಿ ನಿತೇಶ್ ಹೊಟ್ಟೆ ಕೆಟ್ಟು ಮಲಗಿದಾಗ ರಮೀಝ್ ಧರ್ಮಶಾಲೆಯ ಬಾವಿಕಟ್ಟೆಯಲ್ಲಿ ಅವನ ಬಟ್ಟೆ ಒಗೆದ. ಪಂಜಾಬಿನ ಗುರುದ್ವಾರದಲ್ಲಿ ನೆಲಕ್ಕೆ ಕೂತು ಬೇಳೆ, ರೊಟ್ಟಿ ಉಂಡರು. ಅಲ್ಲಿ ಬಡಿಸಿದವನು ಇಬ್ಬರ ಹೆಸರನ್ನೂ ಕೇಳಲಿಲ್ಲ, ಇನ್ನೊಂದು ರೊಟ್ಟಿ ಬೇಕಾ ಎಂದಷ್ಟೇ ಕೇಳಿದ. ದಾರಿಯಲ್ಲಿ ಜನ ಯಾಕೆ ಹೊರಟಿದ್ದೀರಿ ಎಂದಾಗ ಇಬ್ಬರೂ ತಮ್ಮ ಹರಕು ಹಿಂದಿಯಲ್ಲಿ "ಐಸೇ ಹೀ" ಎನ್ನುತ್ತಿದ್ದರು. ಸುಮ್ಮನೆ ಎಂಬುದಕ್ಕೆ ಉತ್ತರ ದೇಶದಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಜಗಳ ದಿನಾ ಆಗುತ್ತಿತ್ತು. ಪಂಪು ಎಲ್ಲಿಟ್ಟೆ, ಗೊರಕೆ ಯಾರದ್ದು, ದಾರಿ ತಪ್ಪಿಸಿದ್ದು ಯಾರು ಎಂದು. ಒಂದು ಮಧ್ಯಾಹ್ನ ಶ್ರೀನಗರದ ಸರೋವರದ ದಡದಲ್ಲಿ ನಿಂತಾಗ ನಿತೇಶನ ಕೈ ಚಳಿಗೆ ಎಷ್ಟು ಮರಗಟ್ಟಿತ್ತೆಂದರೆ ಅವನಿಗೆ ಫೋನಿನ ಗುಂಡಿ ಒತ್ತಲೂ ಆಗಲಿಲ್ಲ. ರಮೀಝ್ ಆ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿದ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಊರಿನ ಗುಂಪಿಗೆ ಅವರು ದಾರಿಯಿಂದ ಏನನ್ನೂ ಹಾಕಿರಲಿಲ್ಲ. ಅವರ ಸುಳ್ಳು ಆಗಲೇ ಹುಬ್ಬಳ್ಳಿ ದಾಟಿ ಮುಂದೆ ಹೋಗಿದ್ದರಿಂದ, ನಿಜವಾದ ಅವರು ಅದನ್ನು ಹಿಡಿಯುವವರೆಗೆ ಸುಮ್ಮನಿರುವುದೆಂದು ಮಾತಾಗಿತ್ತು. ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು. ಮನೆಯವರಿಗೆ ಮಾತ್ರ ಫೋನ್ ಮಾಡುತ್ತಿದ್ದರು.

ಆ ಹೊತ್ತಿಗೆ ಬಂಟ್ವಾಳದಲ್ಲಿ ಒಂದು ಮದುವೆ ನಡೆಯಿತು. ಮಿಜಾರಿನಿಂದ ಬೀಬಿ ಮೂತಮ್ಮನೂ ಬಂದಿದ್ದರು. ಹೆಂಗಸರ ಪಂಕ್ತಿಯಲ್ಲಿ ಯಾರೋ ರಮೀಝನ ಸಾಹಸ ಹೊಗಳಿದಾಗ ಮೂತಮ್ಮನಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಕಾಶ್ಮೀರಕ್ಕೆ ಹೋಗುವವ ನನ್ನ ಮನೆಯಲ್ಲಿ ಎಷ್ಟು ದಿನ ನಿಂತ ಗೊತ್ತುಂಟಾ? ನನ್ನ ಪತ್ತಿರ್ ಬಿಟ್ಟು ಹೋಗ್ಲಿಕ್ಕೆ ಮನಸ್ಸೇ ಬರಲಿಲ್ಲ ಪಾಪ. ಮೂಡುಬಿದಿರೆಯಿಂದ ನನಗೆ ಬಂಗುಡೆ ಸಹ ತಂದುಕೊಟ್ಟ!"

ಬಿರಿಯಾನಿ ಮುಗಿಯುವ ಮೊದಲು ಮಾತು ಗಂಡಸರ ಪಂಕ್ತಿ ಮುಟ್ಟಿತು. ಸಂಜೆಯೊಳಗೆ ನೋಣಯ್ಯ ಮಾಸ್ಟ್ರನ್ನು ಮುಟ್ಟಿತು. ಅವರು ಚಾರ್ಮಾಡಿಯ ಫೋಟೋ ದೊಡ್ಡದು ಮಾಡಿ ನೋಡಿದರು. ಅಕ್ಟೋಬರಿನ ಫೋಟೋದಲ್ಲಿ ಜುಲೈಯ ಜಲಪಾತವಿತ್ತು. ಕುದುರೆಮುಖದ ಫೋಟೋದಲ್ಲಿ ರಮೀಝನಿಗೆ ಈಗಿಲ್ಲದ ಮೀಸೆಯಿತ್ತು. ಸ್ವಾಗತ ಸಮಾರಂಭಕ್ಕೆ ಮಾಡಿದ್ದ ತಯಾರಿ ರದ್ದಾಯಿತು, ಫ್ಲೆಕ್ಸುಗಳು ಕೆಳಗಿಳಿದವು. ಆ ಒಂದು ವಾರ ಬಂಟ್ವಾಳದ ಹೋಟೆಲುಗಳಲ್ಲಿ, ಸೆಲೂನಿನಲ್ಲಿ, ಮಸೀದಿಯ ಗೇಟಿನ ಹೊರಗೆ, ಭಜನಾ ಮಂದಿರದ ಜಗಲಿಯಲ್ಲಿ ಎಲ್ಲ ಜಾತಿ, ಎಲ್ಲ ಮತದವರೂ ಒಟ್ಟಿಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಒಗ್ಗಟ್ಟು ಆ ಊರು ಬಹಳ ಕಾಲದಿಂದ ಕಂಡಿರಲಿಲ್ಲ.

ಜಮ್ಮುವಿನಿಂದ ರೈಲು ಹಿಡಿದು ಇಬ್ಬರೂ ಊರಿಗೆ ಬಂದಾಗ ರಮೀಝ್ ಕಪ್ಪಾಗಿದ್ದ, ಕೆನ್ನೆ ಒಳಗೆ ಹೋಗಿತ್ತು. ಮರುದಿನ ಅಂಗಡಿ ತೆರೆದಾಗ ಎದುರಿನ ಮೊಬೈಲ್ ಅಂಗಡಿಯ ಉನೈಸ್ ಬಂದ.

"ಬಂದಿರಾ? ಈ ಸಲ ಎಲ್ಲಿದ್ದಿರಿ, ಬೆಳ್ತಂಗಡಿಯಲ್ಲಾ?"

ರಮೀಝ್ ಫೋನು ತೆಗೆದು ಸರೋವರ, ಹಿಮದ ಬೆಟ್ಟ, ಸೈಕಲ್ಲು, ನಿತೇಶನ ಕೆಂಪು ಮೂಗು, ಎಲ್ಲ ತೋರಿಸಿದ. ಉನೈಸ್ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ ತಲೆದೂಗಿದ.

"ಒಳ್ಳೆ ಬಂದಿದೆ. ಯಾವ ಎಐ ಇದು?"

ನೋಣಯ್ಯ ಮಾಸ್ಟ್ರು ನಗಲಿಲ್ಲ. ಅವರಿಗೆ ನಿಜವಾಗಿ ನೋವಾಗಿತ್ತು. ಅಂಗಡಿಯ ಮೆಟ್ಟಿಲಿನಲ್ಲೇ ನಿಂತು, "ಹೋಗಲಿಕ್ಕೆ ಆಗದಿದ್ದರೆ ಆಗಲಿಲ್ಲ ಅಂತ ಹೇಳಬಹುದಿತ್ತು ರಮೀಝ್. ನಾನು ಬೈಯ್ತಿರಲಿಲ್ಲ," ಎಂದರು.

"ನಾವು ಹೋದೆವು ಮಾಸ್ಟ್ರೇ. ಆಮೇಲೆ ಹೋದೆವು."

"ಆಯ್ತು, ಆಯ್ತು," ಎಂದರು ಮಾಸ್ಟ್ರು, ಜ್ವರದವರಿಗೆ ಹೇಳುವಂತೆ ಮೆಲ್ಲಗೆ.

ಸಂಜೆ ರಮೀಝ್ ಈ ಸಂಕಟವನ್ನು ಜುವೈರಿಯಾಳ ಮುಂದೆ ತೋಡಿಕೊಂಡ. ಅವಳು ದಿನಾ ವಿಡಿಯೋ ಕಾಲಿನಲ್ಲಿ ಎಲ್ಲವನ್ನೂ ನೋಡಿದವಳು. ಅವನ ಮೂಗಿನಿಂದ ನೀರಿಳಿಯುವುದನ್ನೂ, ಹಿಂದೆ ಹಿಮ ಬೀಳುವುದನ್ನೂ. "ನೀನಾದರೂ ಹೇಳು ಅವರಿಗೆ," ಎಂದ.

"ಹೇಳಿದೆ. ಗಂಡನ ಮಾನ ಉಳಿಸ್ತಾಳೆ ಪಾಪ ಅಂದ್ರು." ಅವಳು ಅವನ ತಟ್ಟೆಗೆ ಮೀನು ಬಡಿಸಿದಳು. "ಅವರು ನಂಬದಿದ್ದರೆ ನೀವು ನೋಡಿದ ಹಿಮ ಕರಗಿ ಹೋಗ್ತದಾ?"

ನಿತೇಶನ ಪಾಡೂ ಹೆಚ್ಚುಕಡಿಮೆ ಇದೇ. ಅವನು ಹೋದಲ್ಲೆಲ್ಲ ಕ್ಯಾಮರಾದ ಮಾತು ಬಿಟ್ಟು ಜನ ಅವನ ಹತ್ತಿರ ಕಾಶ್ಮೀರದ ಆ್ಯಪಲ್ಲು ಕೇಳುತ್ತಿದ್ದರು. ಮೊದಮೊದಲು ಅವನು ವಾದ ಮಾಡಿದ. ಆಮೇಲೆ "ಮುಂದಿನ ಸಲ ತರ್ತೇನೆ" ಎನ್ನಲು ಕಲಿತ.

ರಂಜಾನಿಗೆ ಸ್ವಲ್ಪ ಮೊದಲು ಒಂದು ದಿನ ಪಾಣೆಮಂಗಳೂರಿನ ಕಡೆಯ ಗಿರಾಕಿಯೊಬ್ಬರು ಹೊಸ ಚಪ್ಪಲಿ ಹಾಕಿ ಎರಡು ಹೆಜ್ಜೆ ನಡೆದು ನೋಡುತ್ತಿದ್ದರು. ನಡೆಯುತ್ತಾ ನಡೆಯುತ್ತಾ ರಮೀಝನ ಮುಖ ನೋಡಿದರು.

"ಕಾಶ್ಮೀರ ಅಂತ ಹೇಳಿ ಮಿಜಾರಿನಲ್ಲಿ ಕೂತದ್ದು ನೀವೇ ಅಲ್ಲವಾ?"

ರಮೀಝನ ಕಣ್ಣ ಮುಂದೆ ಬಿಳಿ ಬೆಟ್ಟದ ಕೆಳಗೆ ತಣ್ಣಗೆ ಮಲಗಿದ ನೀರು ಒಂದು ಗಳಿಗೆ ಹಾದುಹೋಯಿತು. ಗಲ್ಲಾದ ಹಿಂದೆ ಕೂತಿದ್ದ ಮೂಸಬ್ಬ ಕನ್ನಡಕದ ಮೇಲಿನಿಂದ ಮಗನನ್ನೇ ನೋಡುತ್ತಿದ್ದರು.

"ಹೌದು, ನಾವೇ," ಎಂದ ರಮೀಝ್. "ಹೆಬ್ಬೆರಳಿಗೆ ಸ್ವಲ್ಪ ಬಿಗಿ ಆಗ್ತದಾ? ಒಂದು ಸೈಜು ದೊಡ್ಡದು ಕೊಡ್ತೇನೆ, ಕೂತ್ಕೊಳ್ಳಿ."